ಮೀಲ್ ಪ್ರೆಪ್: ಮೊದಲ ವಾರ ಮೂರು ಊಟಕ್ಕೆ ಸಾಕು

ಮೀಲ್ ಪ್ರೆಪ್ (ಮುಂದಿನ ಕೆಲವು ದಿನದ ಊಟಕ್ಕೆ ಒಂದೇ ಸಲ ತಯಾರಿ ಮಾಡಿಡುವುದು) ಅಂದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಸಾಲಾಗಿ ಜೋಡಿಸಿಟ್ಟ ಡಬ್ಬಿಗಳ ಫೋಟೊ. ಎಲ್ಲ ಒಂದೇ ಅಳತೆ. ಎಲ್ಲದರಲ್ಲೂ ಅದೇ ಅನ್ನ, ಅದೇ ತರಕಾರಿ, ಅದೇ ಕೋಳಿ ತುಂಡು. ಅದನ್ನು ನೋಡಿ ಹುಮ್ಮಸ್ಸಿನಿಂದ ಶುರು ಮಾಡಿದರೆ ಬಿಡುವಿನ ದಿನ ಪೂರ್ತಿ ಒಲೆಯ ಮುಂದೆ ಕಳೆಯುತ್ತದೆ, ಸಿಂಕಿನ ತುಂಬ ಪಾತ್ರೆ ಬೀಳುತ್ತದೆ. ಮೂರನೇ ದಿನಕ್ಕೆ ನಾಲಿಗೆ ಬೇಡ ಅನ್ನುತ್ತದೆ, ಐದನೇ ದಿನಕ್ಕೆ ಡಬ್ಬಿ ತೆರೆದರೆ ಮೂಗು ಬೇಡ ಅನ್ನುತ್ತದೆ. ಅಲ್ಲಿಗೆ ಮೀಲ್ ಪ್ರೆಪ್ ಕಥೆ ಮುಗಿಯಿತು.

ಐದನೇ ದಿನದ ಮಾತು ತಮಾಷೆಗೆ ಹೇಳಿದ್ದಲ್ಲ. ಬೇಯಿಸಿದ ಆಹಾರವನ್ನು ಫ್ರಿಜ್‌ನಲ್ಲಿ ಮೂರರಿಂದ ನಾಲ್ಕು ದಿನ ಇಡಬಹುದು ಅನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಅಂದಮೇಲೆ ಏಳು ದಿನದ ಅಡುಗೆಯನ್ನು ಒಂದೇ ಸಲ ಮಾಡಿ ಫ್ರಿಜ್‌ಗೆ ತುಂಬುವ ಲೆಕ್ಕ ಮೊದಲೇ ತಪ್ಪುತ್ತದೆ. ಇಲ್ಲಿ ಹೇಳುವ ಕ್ರಮಕ್ಕೆ ಈ ಮಿತಿಯೇ ಆಧಾರ. ಕೆಲವೇ ಊಟಕ್ಕೆ ತಯಾರಿ ಮಾಡಿ, ಅದನ್ನೂ ಬಿಡಿಬಿಡಿಯಾಗಿ ಇಡಿ. ಊಟ ಯಾವ ರೂಪಕ್ಕೆ ಬರಬೇಕು ಅನ್ನುವುದು ಆಯಾ ದಿನದ ಮಾತು.

ಮೊದಲು, ಯಾವ ಊಟ ಕೈಕೊಡುತ್ತದೆ ನೋಡಿ

ಕಳೆದ ವಾರವನ್ನು ನೆನಪಿಸಿಕೊಂಡು ಒಂದು ಚೀಟಿಯಲ್ಲಿ ಬರೆಯಿರಿ. ಯಾವ ದಿನ ತಿಂಡಿ ತಿನ್ನದೆ ಹೊರಟಿರಿ? ಯಾವ ರಾತ್ರಿ ತಡವಾಗಿ ಬಂದು, ಏನೂ ತೋಚದೆ ಹೊರಗಿನಿಂದ ತರಿಸಿದಿರಿ? ಬರೆದು ನೋಡಿದರೆ ತೊಂದರೆ ಕೊಡುವುದು ಎರಡು ಮೂರು ಹೊತ್ತು ಮಾತ್ರ, ಅದೂ ಪ್ರತಿ ವಾರ ಹೆಚ್ಚುಕಡಿಮೆ ಅವೇ ಹೊತ್ತು. ಉಳಿದ ಊಟಗಳು ಹೇಗೋ ನಡೆದುಹೋಗುತ್ತಿರುತ್ತವೆ. ಅವುಗಳ ತಂಟೆಗೆ ಹೋಗಬೇಡಿ. ಬೆಳಗಿನ ಅಡುಗೆ ನಿಮಗೆ ಖುಷಿ ಕೊಡುವ ಕೆಲಸವಾದರೆ ಅದನ್ನು ಡಬ್ಬಿಗೆ ಹಾಕಿಡುವ ಅಗತ್ಯವೇನಿದೆ?

ಮೊದಲ ವಾರ ಮೂರು ಊಟ ಅಂತ ಇಟ್ಟುಕೊಳ್ಳಿ. ಕಡಿಮೆ ಅನ್ನಿಸಬಹುದು. ಆದರೆ ಮನೆಯಲ್ಲಿ ನಾಲ್ವರಿದ್ದರೆ ಮೂರು ಊಟ ಅಂದರೆ ಹನ್ನೆರಡು ತಟ್ಟೆ, ಅದೇನೂ ಸಣ್ಣ ಕೆಲಸವಲ್ಲ. ಆ ವಾರ ಯಾರಿಗಾದರೂ ಹೊರಗೆ ಊಟವಿದೆಯೇ, ಯಾರಾದರೂ ಬರುವವರಿದ್ದಾರೆಯೇ ಎಂದು ಕ್ಯಾಲೆಂಡರ್ ನೋಡಿಯೇ ತಟ್ಟೆ ಎಣಿಸಿ.

ಮಾಡುವುದೇನು?

ನಾಲ್ಕೈದು ಬಿಡಿ ವಸ್ತುಗಳನ್ನು ಆರಿಸಿಕೊಳ್ಳಿ. ಅನ್ನ ಅಥವಾ ಬೇರೆ ಧಾನ್ಯ ಒಂದು. ಕಾಳು, ಮೊಟ್ಟೆ, ಕೋಳಿ, ಪನೀರ್ ಇವುಗಳಲ್ಲಿ ಒಂದು. ಬೇಯಿಸಿದ ತರಕಾರಿ ಒಂದು, ಹಸಿಯಾಗಿ ತಿನ್ನುವಂಥದ್ದು ಒಂದು. ಇವೆಲ್ಲವನ್ನೂ ಕೂಡಿಸಲು ಒಂದು ಸಾಸ್ ಅಥವಾ ಗ್ರೇವಿ. ಇದರಲ್ಲಿ ಕೊನೆಯದೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಬೇಯಿಸಿದ ಕಾಳು, ಬೇಯಿಸಿದ ತರಕಾರಿ ಎರಡೂ ಫ್ರಿಜ್‌ನಲ್ಲಿದ್ದು ಸಾಸ್ ಇಲ್ಲದಿದ್ದರೆ ಆ ರಾತ್ರಿ ಯಾರೂ ಡಬ್ಬಿ ಮುಟ್ಟುವುದಿಲ್ಲ.

ಅನ್ನ, ಕಡಲೆಕಾಳು, ರೋಸ್ಟ್ ಮಾಡಿದ ಕ್ಯಾರೆಟ್, ತೆಳ್ಳಗೆ ಹೆಚ್ಚಿದ ಎಲೆಕೋಸು, ಈರುಳ್ಳಿ ಹಾಕಿ ಕುದಿಸಿದ ಟೊಮೆಟೊ ಸಾಸ್ ಇವೆ ಅಂದುಕೊಳ್ಳಿ. ಒಂದು ದಿನ ಅನ್ನದ ಮೇಲೆ ಎಲ್ಲವನ್ನೂ ಹರಡಿ, ನಿಂಬೆರಸ ಹಿಂಡಿ ತಿನ್ನಬಹುದು. ಇನ್ನೊಂದು ದಿನ ಕಡಲೆಕಾಳನ್ನು ಟೊಮೆಟೊ ಸಾಸ್‌ನಲ್ಲಿ ಹತ್ತು ನಿಮಿಷ ಕುದಿಸಿದರೆ ಗ್ರೇವಿ ಆಯಿತು. ಮೂರನೇ ದಿನ ಉಳಿದ ಕ್ಯಾರೆಟ್, ಉಳಿದ ಸಾಸ್, ಒಂದು ಹಿಡಿ ಕಾಳು ಮಿಕ್ಸಿಗೆ ಹಾಕಿ ನೀರು ಬೆರೆಸಿ ಕುದಿಸಿದರೆ ಸೂಪ್. ಬೇಯಿಸಿದ್ದು ಒಂದೇ ಸಲ, ತಟ್ಟೆಗೆ ಬಂದದ್ದು ಮೂರು ಬೇರೆ ಊಟ. ಇದಕ್ಕೆ ಒಂದು ಷರತ್ತಿದೆ. ಬಿಡಿ ವಸ್ತುಗಳಿಗೆ ಉಪ್ಪು ಹದವಾಗಿ ಹಾಕಿ, ಖಾರ ಮತ್ತು ಮಸಾಲೆಯನ್ನು ಆಯಾ ದಿನಕ್ಕೆ ಬಿಡಿ. ಕಾಳಿಗೆ ಮೊದಲೇ ಘಾಟು ಮಸಾಲೆ ಬಿದ್ದರೆ ಮೂರೂ ದಿನ ಅದರದೇ ರುಚಿ.

ಹೊಸ ರೆಸಿಪಿ ಕಲಿಯಲು ಇದು ಸಮಯವಲ್ಲ. ಕಣ್ಣು ಮುಚ್ಚಿ ಮಾಡಬಲ್ಲ ಅಡುಗೆಯನ್ನೇ ಆರಿಸಿ.

ಡಬ್ಬಿ, ಟೇಪು, ಪೆನ್ನು

ಹೊಸ ಡಬ್ಬಿಗಳ ಸೆಟ್ ಕೊಳ್ಳುವುದನ್ನು ಒಂದು ತಿಂಗಳು ಮುಂದೂಡಿ. ಮನೆಯಲ್ಲಿ ಇರುವುದರಲ್ಲೇ ಬಿಗಿ ಮುಚ್ಚಳದ, ಅಗಲವಾದ, ಆಳ ಕಡಿಮೆ ಇರುವ ಡಬ್ಬಿಗಳನ್ನು ಹುಡುಕಿ. ಆಳ ಯಾಕೆ ಕಡಿಮೆ ಇರಬೇಕು ಅನ್ನುವುದು ಮುಂದೆ ಬರುತ್ತದೆ. ಟೊಮೆಟೊ ಸಾಸ್ ಹಾಕಿದ ಪ್ಲಾಸ್ಟಿಕ್ ಡಬ್ಬಿ ಕೆಂಪಗಾಗಿ ಹಾಗೇ ಉಳಿಯುತ್ತದೆ. ಗಾಜಿಗೆ ಬಣ್ಣವೂ ಹಿಡಿಯುವುದಿಲ್ಲ, ವಾಸನೆಯೂ ಹಿಡಿಯುವುದಿಲ್ಲ. ಆದರೆ ಫ್ರೀಜರ್‌ನಿಂದ ತೆಗೆದ ಗಾಜನ್ನು ನೇರವಾಗಿ ಬಿಸಿ ಅವನ್‌ಗೆ ಇಟ್ಟರೆ ಬಿರುಕು ಬಿಡಬಹುದು. ಸ್ಟೀಲ್ ಡಬ್ಬಿ ಫ್ರಿಜ್‌ಗೆ ಚೆನ್ನ, ಮೈಕ್ರೋವೇವ್‌ಗೆ ಬೇಡ.

ಕಾಗದದ ಟೇಪು ಮತ್ತು ಅಳಿಸದ ಪೆನ್ನು ಇಲ್ಲದೆ ಮಾತ್ರ ಶುರು ಮಾಡಬೇಡಿ. ಮುಚ್ಚಳದ ಮೇಲೆ ಏನು, ಯಾವ ದಿನ ಮಾಡಿದ್ದು ಅಂತ ಬರೆಯಲೇಬೇಕು. ಡಬ್ಬಿ ಫ್ರಿಜ್‌ಗೆ ಹೋಗುವ ಮೊದಲು, ಮುಚ್ಚಳ ಒಣಗಿರುವಾಗಲೇ ಟೇಪು ಅಂಟಿಸಿ. ಒಮ್ಮೆ ತಣ್ಣಗಾದ ಡಬ್ಬಿ ಹೊರಗೆ ಬಂದರೆ ಮೈಮೇಲೆ ಹನಿ ಕೂರುತ್ತದೆ, ಆಮೇಲೆ ಅಂಟಿಸಿದ ಟೇಪಿನ ಅಂಚು ಸುರುಳಿ ಎದ್ದು ಮಾರನೆಯ ದಿನ ತಟ್ಟೆಯ ಕೆಳಗೆ ಬಿದ್ದಿರುತ್ತದೆ. ಆಗ ಇದು ಮೊನ್ನೆಯದೋ ಆಚೆ ಮೊನ್ನೆಯದೋ ಎಂದು ಮೂಸಿ ನೋಡುತ್ತಾ ನಿಲ್ಲಬೇಕು. ಮೂಸಿ ನೋಡುವುದು ನಂಬುವಂಥ ಪರೀಕ್ಷೆಯೂ ಅಲ್ಲ. ಕಾಯಿಲೆ ತರುವ ಬ್ಯಾಕ್ಟೀರಿಯಾಗಳು ಎಷ್ಟೋ ಸಲ ವಾಸನೆಯನ್ನಾಗಲಿ ರುಚಿಯನ್ನಾಗಲಿ ಕೆಡಿಸುವುದಿಲ್ಲ.

ಸಾಮಾನಿನ ಪಟ್ಟಿ ಬರೆಯುವ ಮೊದಲು ಫ್ರಿಜ್ ತೆರೆದು ನೋಡಿ. ಅರ್ಧ ಎಲೆಕೋಸು ಇದ್ದರೆ ಈ ವಾರದ ಹಸಿ ತರಕಾರಿ ಅದೇ.

ಎರಡು ಗಂಟೆ, ಕೆಲಸದ ಸರದಿ

ಇಡೀ ವಿಷಯದಲ್ಲಿ ಸಮಯ ಉಳಿಸುವುದು ಸರದಿ. ತಾನೇ ಬೇಯುವ ಕೆಲಸ ಮೊದಲು ಶುರುವಾಗಬೇಕು. ಅದು ಬೇಯುತ್ತಿರುವಾಗ ಕೈ ಬೇರೆ ಕೆಲಸ ಮಾಡುತ್ತಿರಬೇಕು. ಮೊದಲು ಎಲ್ಲವನ್ನೂ ಹೆಚ್ಚಿ, ಆಮೇಲೆ ಒಲೆ ಹಚ್ಚಿದರೆ ಎರಡು ಗಂಟೆಯ ಕೆಲಸ ನಾಲ್ಕು ಗಂಟೆಗೆ ಹೋಗುತ್ತದೆ.

ಕಾಳು ಹಿಂದಿನ ರಾತ್ರಿಯೇ ನೆನೆಯಬೇಕು. ಒಣ ಕಡಲೆಕಾಳು ಬೆಂದ ಮೇಲೆ ಎರಡೂವರೆ ಪಟ್ಟಿಗೂ ಹೆಚ್ಚಾಗುತ್ತದೆ, ನೆನೆಸುವಾಗಲೇ ಅದು ನೆನಪಿರಲಿ. ರಾಜ್ಮಾ ಆರಿಸಿದರೆ ಒಂದು ಎಚ್ಚರ ಬೇಕು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ವಿಷವಸ್ತು ಇದೆ. ಸರಿಯಾಗಿ ಬೇಯದ ಕೆಲವೇ ಕಾಳು ತಿಂದರೂ ವಾಂತಿ ಭೇದಿ ಆಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆ ಮೂವತ್ತು ನಿಮಿಷ. ಮಂದ ಬಿಸಿಯಲ್ಲೇ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್‌ಗೆ ಹಸಿ ರಾಜ್ಮಾ ಹಾಕಲೇಬಾರದು, ಆ ಬಿಸಿಗೆ ವಿಷ ಸಾಯುವುದಿಲ್ಲ.

ಅಡುಗೆಯ ದಿನ ಮೊದಲ ಕೆಲಸ, ಕಾಳನ್ನು ಕುಕ್ಕರ್‌ಗೆ ಏರಿಸುವುದು. ಅವನ್ ಇದ್ದರೆ 200 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗಲು ಬಿಡಿ. ಅದು ಬಿಸಿಯಾಗುವಷ್ಟರಲ್ಲಿ ಕ್ಯಾರೆಟ್ ಹೆಚ್ಚಿ, ಎಣ್ಣೆ ಉಪ್ಪು ಸವರಿ, ಟ್ರೇ ಮೇಲೆ ಒಂದೇ ಪದರವಾಗಿ ಹರಡಿ. ಹೋಳುಗಳ ನಡುವೆ ಟ್ರೇ ಕಾಣುತ್ತಿರಬೇಕು. ಒಂದರ ಮೇಲೊಂದು ಬಿದ್ದರೆ ಬಿಟ್ಟುಕೊಂಡ ನೀರಿನಲ್ಲೇ ಬೆಂದು ಮೆತ್ತಗಾಗುತ್ತವೆ. ಅಂಚು ಕಂದುಬಣ್ಣಕ್ಕೆ ತಿರುಗಿ ಸಿಹಿ ಬರುವುದು ಬಿಡುವಾಗಿ ಇದ್ದಾಗ ಮಾತ್ರ. ಅವನ್ ಇಲ್ಲದಿದ್ದರೆ ಅಗಲವಾದ ಬಾಣಲೆ, ಜೋರು ಉರಿ, ಸ್ವಲ್ಪ ಸ್ವಲ್ಪವೇ.

ಕ್ಯಾರೆಟ್ ಒಳಗೆ ಹೋದ ಮೇಲೆ ಸಾಸ್‌ಗೆ ಈರುಳ್ಳಿ ಹೆಚ್ಚಿ ಬಾಡಿಸಲು ಇಡಿ. ಅದು ಮಂದ ಉರಿಯಲ್ಲಿ ಬಾಡುತ್ತಿರುವಾಗ ಟೊಮೆಟೊ, ಆಮೇಲೆ ಎಲೆಕೋಸು. ಕೋಳಿ ಅಥವಾ ಮೀನು ಇದ್ದರೆ ಅದನ್ನು ಕೊಯ್ಯುವುದು ಎಲ್ಲಕ್ಕಿಂತ ಕೊನೆಗೆ, ಸಾಧ್ಯವಾದರೆ ಬೇರೆ ಮಣೆಯ ಮೇಲೆ. ಹಸಿ ಮಾಂಸ ಮುಟ್ಟಿದ ಚಾಕು ಹಸಿಯಾಗಿ ತಿನ್ನುವ ಎಲೆಕೋಸನ್ನು ಮುಟ್ಟಬಾರದು. ಕೋಳಿಯನ್ನು ತೊಳೆಯುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ನೀರಿನ ಹನಿಯ ಜೊತೆ ಬ್ಯಾಕ್ಟೀರಿಯಾ ಸಿಂಕಿನ ಸುತ್ತ ಸಿಡಿಯುತ್ತದೆ. ಅದನ್ನು ಕೊಲ್ಲುವುದು ಬಿಸಿ. ಒಳಭಾಗ 74 ಡಿಗ್ರಿ ತಲುಪಿದರೆ ಕೋಳಿ ಬೆಂದಂತೆ.

ಇನ್ನೊಂದು ಒಲೆ ಖಾಲಿ ಇದ್ದರೆ ಮೊಟ್ಟೆ ಇಡಿ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಸಿಪ್ಪೆ ಸಮೇತ ಇದ್ದರೆ, ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಮೀಲ್ ಪ್ರೆಪ್‌ಗೆ ಇಷ್ಟು ಸಲೀಸಾದ ವಸ್ತು ಇನ್ನೊಂದಿಲ್ಲ.

ಮತ್ತೆ ಬಿಸಿ ಮಾಡುವ ತರಕಾರಿ, ಪಾಸ್ತಾಗಳನ್ನು ಪೂರ್ತಿ ಬೇಯಿಸಬೇಡಿ. ಒಂದೆರಡು ನಿಮಿಷ ಮೊದಲೇ ಇಳಿಸಿ, ಉಳಿದ ಹದ ಬಿಸಿ ಮಾಡುವಾಗ ಬರುತ್ತದೆ. ನಡುನಡುವೆ ಸಿಗುವ ಐದು ನಿಮಿಷದಲ್ಲಿ ಪಾತ್ರೆ ತೊಳೆಯುತ್ತಾ ಬನ್ನಿ. ಈ ಮಾತನ್ನು ಯಾರೂ ಕೇಳುವುದಿಲ್ಲ, ಗೊತ್ತು.

ತಣಿಸುವುದು: ಅವಸರ ಬೇಕಾದದ್ದು ಇಲ್ಲಿ

ಅಡುಗೆ ಆಯಿತು ಎಂದು ಪಾತ್ರೆ ಮುಚ್ಚಿಟ್ಟು, ಮಲಗುವ ಮುನ್ನ ಫ್ರಿಜ್‌ಗೆ ಇಟ್ಟರಾಯಿತು ಅಂದುಕೊಳ್ಳುವುದು ದೊಡ್ಡ ಅಪಾಯ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತದೆ. ಅನುಕೂಲ ಇದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಸಂಖ್ಯೆ ದುಪ್ಪಟ್ಟಾಗುತ್ತದೆ. ಅಡುಗೆ ಈ ಬಿಸಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಕೋಣೆಯ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಆಳವಾದ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅದಕ್ಕೇ ಅಗಲ ಡಬ್ಬಿ. ಅಡುಗೆಯನ್ನು ಐದು ಸೆಂಟಿಮೀಟರ್‌ಗಿಂತ ಹೆಚ್ಚು ಎತ್ತರ ಬಾರದಂತೆ ಹಂಚಿ. ಗಟ್ಟಿ ಗ್ರೇವಿ, ಕಾಳು ಇದ್ದರೆ ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿ ಇಟ್ಟು ಕೈಯಾಡಿಸುತ್ತಾ ಇರಿ. ಆವಿ ಅಡಗಿದ ಮೇಲೆ ಫ್ರಿಜ್‌ಗೆ ಹೋಗಲಿ, ಪೂರ್ತಿ ತಣ್ಣಗಾಗಲಿ ಎಂದು ಕಾಯಬೇಡಿ. ಸ್ವಲ್ಪ ಬೆಚ್ಚಗಿದ್ದರೂ ಸಣ್ಣ ಡಬ್ಬಿಗಳಿಂದ ಫ್ರಿಜ್‌ಗೆ ತೊಂದರೆ ಇಲ್ಲ. ಆದರೆ ಒಂದರ ಮೇಲೊಂದು ಒತ್ತಿ ಇಡದೆ ತಣ್ಣನೆಯ ಗಾಳಿ ಆಡಲು ಜಾಗ ಬಿಡಿ. ಫ್ರಿಜ್ ಒಳಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಬಾಗಿಲಿನ ಅರೆಗಳು ಪದೇ ಪದೇ ಬೆಚ್ಚಗಾಗುತ್ತವೆ, ಅಲ್ಲಿ ಅಡುಗೆ ಬೇಡ.

ಅನ್ನದ ಮಾತೇ ಬೇರೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಬದುಕುತ್ತವೆ. ಅನ್ನ ಬೆಚ್ಚಗೆ ಕುಳಿತಷ್ಟೂ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಆಮೇಲೆ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಬೆಂದ ಅನ್ನವನ್ನು ತಟ್ಟೆಯಲ್ಲಿ ಹರಡಿ, ಒಂದು ಗಂಟೆಯೊಳಗೆ ಫ್ರಿಜ್ ಸೇರಿಸಿ. ಅನ್ನವನ್ನು ಫ್ರಿಜ್‌ನಲ್ಲಿ 24 ಗಂಟೆಗಿಂತ ಹೆಚ್ಚು ಇಡಬೇಡಿ ಎಂಬುದು ಬ್ರಿಟನ್ನಿನ ಆಹಾರ ಮಾನಕ ಸಂಸ್ಥೆಯ ಸಲಹೆ. ಮಾರನೆಯ ದಿನಕ್ಕೆ ಬೇಕಾದಷ್ಟನ್ನು ಫ್ರಿಜ್‌ನಲ್ಲಿಟ್ಟು ಉಳಿದದ್ದನ್ನು ಒಂದೊಂದು ಊಟದ ಪೊಟ್ಟಣ ಮಾಡಿ ಫ್ರೀಜರ್‌ಗೆ ಹಾಕುವುದು ಸರಿಯಾದ ದಾರಿ. ಅಥವಾ ಅನ್ನವನ್ನು ಆಯಾ ದಿನವೇ ಮಾಡಿ. ಅದು ತಾನೇ ಬೇಯುವ ಅಡುಗೆ, ನಿಮ್ಮ ಕೈ ಕೇಳುವುದಿಲ್ಲ.

ಹೆಚ್ಚಿಟ್ಟ ಹಸಿ ತರಕಾರಿ

ಅಡುಗೆ ಮಾಡದೆ ಬರೀ ಹೆಚ್ಚಿಟ್ಟರೂ ಅರ್ಧ ಭಾರ ಇಳಿಯುತ್ತದೆ. ಕ್ಯಾರೆಟ್, ಎಲೆಕೋಸು, ಹುರುಳಿಕಾಯಿ, ಹೂಕೋಸು ಹೆಚ್ಚಿದ ಮೇಲೂ ಮೂರ್ನಾಲ್ಕು ದಿನ ಚೆನ್ನಾಗಿರುತ್ತವೆ. ಸೌತೆಕಾಯಿ, ಟೊಮೆಟೊ ಹಾಗಲ್ಲ, ನೀರು ಬಿಟ್ಟುಕೊಳ್ಳುತ್ತವೆ. ಅವನ್ನು ತಿನ್ನುವಾಗ ಹೆಚ್ಚಿ. ಹೆಚ್ಚಿದ ಆಲೂಗಡ್ಡೆ ಗಾಳಿಗೆ ಕಪ್ಪಾಗುತ್ತದೆ, ನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಟ್ಟರೆ ಒಂದು ದಿನ ತಡೆಯುತ್ತದೆ.

ಸೊಪ್ಪನ್ನು ಹಾಳು ಮಾಡುವುದು ತೇವ. ತೊಳೆದ ಸೊಪ್ಪನ್ನು ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಿಸಿ, ಒಣ ಬಟ್ಟೆ ಅಥವಾ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಕಾಗದ ಒದ್ದೆಯಾದರೆ ಬದಲಿಸಿ. ಸೇಬು, ಮಾಗಿದ ಬಾಳೆಹಣ್ಣು ಎಥಿಲೀನ್ ಅನಿಲ ಬಿಡುತ್ತವೆ, ಅವುಗಳ ಪಕ್ಕ ಇಟ್ಟ ಸೊಪ್ಪು ಬೇಗ ಹಳದಿಯಾಗುತ್ತದೆ. ಸಲಾಡ್‌ಗೆ ಉಪ್ಪು, ಹುಳಿ ಮುಂಚೆ ಹಾಕಬೇಡಿ.

ಬೆಳ್ಳುಳ್ಳಿ ಸುಲಿದಿಡಿ, ಆದರೆ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವುದು ಬೇಡವೇ ಬೇಡ. ಗಾಳಿಯಾಡದ ಎಣ್ಣೆಯೊಳಗೆ ಬಾಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಫ್ರಿಜ್‌ನಲ್ಲಿಟ್ಟರೂ ನಾಲ್ಕು ದಿನದೊಳಗೆ ಮುಗಿಸಿ.

ಫ್ರೀಜರ್‌ಗೆ ಏನು, ಏನು ಬೇಡ

ನಾಲ್ಕನೇ ದಿನದಾಚೆಗೆ ಬೇಕಾದದ್ದೆಲ್ಲ ಮಾಡಿದ ದಿನವೇ ಫ್ರೀಜರ್‌ಗೆ ಹೋಗಬೇಕು. ಮೂರು ದಿನ ಫ್ರಿಜ್‌ನಲ್ಲಿದ್ದು, ಇನ್ನು ತಿನ್ನುವುದಿಲ್ಲ ಅನ್ನಿಸಿದ ಮೇಲೆ ಹಾಕಿದರೆ ಏನೂ ಸರಿಹೋಗುವುದಿಲ್ಲ. 18 ಡಿಗ್ರಿ ಮೈನಸ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ನಿಲ್ಲುತ್ತದೆ, ಸಾಯುವುದಿಲ್ಲ.

ಕಾಳು, ಗ್ರೇವಿ, ಸೂಪ್, ಅನ್ನ, ಬ್ರೆಡ್ ಚೆನ್ನಾಗಿ ಒಗ್ಗುತ್ತವೆ. ಬೇಯಿಸಿದ ಆಲೂಗಡ್ಡೆ ಹಿಟ್ಟುಹಿಟ್ಟಾಗುತ್ತದೆ, ಬೇಯಿಸಿದ ಮೊಟ್ಟೆಯ ಬಿಳಿ ರಬ್ಬರ್ ಆಗುತ್ತದೆ, ಸೌತೆಕಾಯಿ ಕರಗಿದ ಮೇಲೆ ಬರೀ ನೀರು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಸೂಪ್ ಡಬ್ಬಿಯನ್ನು ಅಂಚಿನವರೆಗೆ ತುಂಬಬೇಡಿ. ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಚಪ್ಪಟೆಯಾಗಿ ಮಲಗಿಸಿದರೆ ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ, ಆಮೇಲೆ ನಿಲ್ಲಿಸಿ ಜೋಡಿಸಲೂಬಹುದು. ಗಾಳಿ ಉಳಿದರೆ ಮೇಲ್ಮೈ ಒಣಗಿ ಬಿಳಿ ಕಲೆ ಬರುತ್ತದೆ. ಅದನ್ನು ತಿಂದರೆ ಅಪಾಯವಿಲ್ಲ, ರುಚಿ ಮಾತ್ರ ಇರುವುದಿಲ್ಲ.

ಕರಗಿಸಲು ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿ. ಮರೆತರೆ ಮೈಕ್ರೋವೇವ್, ಅಥವಾ ಸೂಪ್ ಆದರೆ ನೇರವಾಗಿ ಪಾತ್ರೆಗೆ. ಅಡುಗೆಮನೆ ಕಟ್ಟೆಯ ಮೇಲೆ ಇಟ್ಟು ಕರಗಿಸಬೇಡಿ. ಒಳಗೆ ಮಂಜುಗಡ್ಡೆ ಇರುವಾಗಲೇ ಹೊರಭಾಗ ಬೆಚ್ಚಗಾಗಿರುತ್ತದೆ.

ಬಿಸಿ ಮಾಡುವಾಗ

ಆವಿ ಏಳುವಷ್ಟು, ನಡುಭಾಗವೂ 74 ಡಿಗ್ರಿ ಮುಟ್ಟುವಷ್ಟು ಬಿಸಿಯಾಗಬೇಕು. ಮೈಕ್ರೋವೇವ್ ಎಲ್ಲ ಕಡೆ ಸಮನಾಗಿ ಬಿಸಿ ಮಾಡುವುದಿಲ್ಲ. ಅರ್ಧದಲ್ಲಿ ನಿಲ್ಲಿಸಿ ಕಲಸಿ, ಮತ್ತೆ ಇಡಿ. ಫ್ರಿಜ್‌ನಲ್ಲಿದ್ದ ಅನ್ನ ಗಟ್ಟಿಯಾಗುವುದು ಪಿಷ್ಟ ಬಿಗಿದುಕೊಂಡದ್ದರಿಂದ. ಒಂದೆರಡು ಚಮಚ ನೀರು ಚಿಮುಕಿಸಿ ಮುಚ್ಚಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಬ್ರೆಡ್ಡೂ ಇದೇ ಕಾರಣಕ್ಕೆ ಫ್ರಿಜ್‌ನಲ್ಲಿ ಬೇಗ ಬಿರುಸಾಗುತ್ತದೆ, ಅದರ ಜಾಗ ಫ್ರೀಜರ್.

ನಿನ್ನೆಯ ಕೋಳಿಯನ್ನು ಬಿಸಿ ಮಾಡಿದಾಗ ಬರುವ ಒಂಥರಾ ಹಳೆ ವಾಸನೆ ಅದರ ಕೊಬ್ಬು ಗಾಳಿಯ ಆಮ್ಲಜನಕದ ಜೊತೆ ಸೇರಿದ್ದರಿಂದ ಬರುವಂಥದ್ದು. ತುಂಡುಗಳನ್ನು ಒಣಗಿಡದೆ ಗ್ರೇವಿಯಲ್ಲಿ ಮುಳುಗಿಸಿಟ್ಟರೆ ಅದು ಕಡಿಮೆ. ಮೀನು ಇದನ್ನು ಇನ್ನೂ ಜೋರಾಗಿ ತೋರಿಸುತ್ತದೆ, ಹಾಗಾಗಿ ಮೀನಿನ ಊಟ ಮೊದಲ ದಿನಕ್ಕೇ ಇರಲಿ. ತಿನ್ನುವಷ್ಟನ್ನು ಮಾತ್ರ ಬೇರೆ ಪಾತ್ರೆಗೆ ತೆಗೆದು ಬಿಸಿ ಮಾಡಿ, ಇಡೀ ಡಬ್ಬಿಯನ್ನು ದಿನಾ ಬಿಸಿ ಮಾಡಿ ದಿನಾ ತಣಿಸಬೇಡಿ.

ಕೊನೆಗೆ ಹಸಿಯಾದದ್ದು ಏನಾದರೂ ಮೇಲೆ ಬೀಳಲಿ. ನಿಂಬೆರಸ, ಹೆಚ್ಚಿದ ಸೊಪ್ಪು, ಹುರಿದ ಎಳ್ಳು, ಒಂದು ಚಮಚ ಮೊಸರು. ಮೂರು ದಿನದ ಅಡುಗೆಗೆ ಹೊಸದರ ಕಳೆ ಬರುವುದು ಇದರಿಂದ.

ಎರಡನೇ ವಾರಕ್ಕೆ

ಮೂರು ಊಟ ಸಲೀಸಾಗಿ ನಡೆದರೆ ಊಟದ ಸಂಖ್ಯೆ ಹೆಚ್ಚಿಸುವ ಬದಲು ವಾರದ ನಡುವೆ ಇನ್ನೊಂದು ಸಣ್ಣ ಸುತ್ತು ಸೇರಿಸಿ. ಭಾನುವಾರ ಎರಡು ಗಂಟೆ ಹಾಕಿದರೆ ಬುಧವಾರ ಸಂಜೆ ಮುಕ್ಕಾಲು ಗಂಟೆ. ಸೊಪ್ಪು ಆರಿಸುವುದು, ಮೊಟ್ಟೆ ಬೇಯಿಸುವುದು, ಒಂದು ತರಕಾರಿ. ಆಗ ಯಾವ ಡಬ್ಬಿಯೂ ನಾಲ್ಕನೇ ದಿನ ದಾಟುವುದಿಲ್ಲ. ಕಾಳು ಅಥವಾ ಸಾಸ್ ಮಾಡುವಾಗ ಪ್ರತಿ ಸಲ ಎರಡರಷ್ಟು ಮಾಡಿ ಅರ್ಧವನ್ನು ಫ್ರೀಜರ್‌ಗೆ ಹಾಕುತ್ತಾ ಬಂದರೆ ಒಂದು ತಿಂಗಳಲ್ಲಿ ನಾಲ್ಕೈದು ಬಗೆಯ ಪೊಟ್ಟಣ ಸೇರಿರುತ್ತವೆ, ಏನೂ ಮಾಡಲಾಗದ ವಾರಕ್ಕೆ ಅವೇ ದಿಕ್ಕು.

ವಾರದ ಕೊನೆಗೆ ಯಾವ ಡಬ್ಬಿ ಹಾಗೇ ಉಳಿಯಿತು ನೋಡಿ. ಎರಡು ವಾರ ಸತತವಾಗಿ ಅದೇ ವಸ್ತು ಉಳಿದರೆ ಅದು ಎಷ್ಟೇ ಆರೋಗ್ಯಕರವಾಗಿರಲಿ, ನಿಮ್ಮ ಮನೆಯವರಿಗೆ ಬೇಡವಾದದ್ದು. ಪಟ್ಟಿಯಿಂದ ತೆಗೆದುಹಾಕಿ.